ಪಾಸಾಗದ ಪಾಸಿಂಗ್

ನಮ್ಮ ಸೂಲಗಿತ್ತಿ ಕಾಲೇಜಿನಲ್ಲಿ ಪಾಸಾಗಬೇಕಾದರೆ ಇಪ್ಪತ್ತು ಹೆರಿಗೆ ಮಾಡಿಸಿರಬೇಕಿತ್ತು. ಹತ್ತೊಂಬತ್ತಕ್ಕೆ ರಿಯಾಯಿತಿಯಿಲ್ಲ, ಅವಳಿ ಹುಟ್ಟಿದರೂ ಒಂದೇ ಲೆಕ್ಕ. ನನ್ನ ಇಪ್ಪತ್ತು ಮುಗಿದ ದಿನ, ನನ್ನ ಪಕ್ಕದ ಮಂಚದ ಪಾಸಿಂಗಳದ್ದು ಆರಾಗಿತ್ತು. ಹೆಸರೇ ಪಾಸಿಂಗ್, ಆದರೂ ಪಾಸಾಗಳು ಎಂದು ಇಲೋಯ್ಲೋ ಪಟ್ಟಣದ ನಮ್ಮ ಇಡೀ ಬೋರ್ಡಿಂಗ್ ಹೌಸು ನಗುತ್ತಿತ್ತು. ಆ ತಮಾಷೆ ನನ್ನದೇ. ಸನ್ಯಾಸಿನಿಯರ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಕಲಿತು ನಾನು ಹೊತ್ತು ತಂದದ್ದು ಒಂದು ಜಪಮಾಲೆ ಮತ್ತು ಇಂಥ ಹರಿತ ನಾಲಿಗೆ. ಎರಡರಲ್ಲಿ ಹೆಚ್ಚು ಬಳಕೆಯಾದದ್ದು ಯಾವುದೆಂದು ಹೇಳಬೇಕಾಗಿಲ್ಲ.

ಹೆರಿಗೆ ಮಾಡಿಸುವವಳ ಮೇಲೆ ಹೆರುವವರಿಗೆ ನಂಬಿಕೆ ಇರಬೇಕು. ಪಾಸಿಂಗಳ ಮೇಲೆ ಯಾರಿಗೂ ಇರಲಿಲ್ಲ. ಅವಳ ಊರು ಕಾಪಿಸ್ ಸೀಮೆಯ ಗುಡ್ಡದ ಮೇಲಿತ್ತು. ಕಾಪಿಸ್ ಎಂದರೆ ಸಾಕು, ನಮ್ಮ ಕಡೆ ಬಸುರಿಯರು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಳ್ಳುತ್ತಾರೆ. ಹಗಲು ನಮ್ಮ ನಿಮ್ಮ ಹಾಗೇ ಇದ್ದು, ಕತ್ತಲಾದ ಮೇಲೆ ಹಾರಿ ಬಂದು ಗರ್ಭದ ಕೂಸನ್ನು ಹೀರುವ ಅಸ್ವಾಂಗ್‌ಗಳು ಅಲ್ಲಿಯವೆಂದು ನಾವು ಮೊಲೆಹಾಲಿನ ಜೊತೆಗೇ ಕಲಿತವರು. ಸಾಲದ್ದಕ್ಕೆ ಪಾಸಿಂಗಳ ಅಜ್ಜಿ ಲೋಲಾ ಸಿದ್ರಾ ಆ ಊರಿನ ಹಳೆಯ ಸೂಲಗಿತ್ತಿ. ನಲವತ್ತು ವರ್ಷದಲ್ಲಿ ನೂರಾರು ಕೂಸು ಬದುಕಿದ್ದವು, ಐದಾರು ಸತ್ತಿದ್ದವು. ಊರು ಆ ಐದಾರನ್ನು ಮಾತ್ರ ನೆನಪಿಟ್ಟುಕೊಂಡು ಅವಳನ್ನು ಅಸ್ವಾಂಗ್ ಮಾಡಿತ್ತು.

ಧರ್ಮಾಸ್ಪತ್ರೆಯ ವಾರ್ಡಿನಲ್ಲಿ ಪಾಸಿಂಗ್ ಹತ್ತಿರ ಬಂದರೆ ನೋವಿನಲ್ಲಿದ್ದವರೂ ಗೋಡೆಯ ಕಡೆಗೆ ಹೊರಳುತ್ತಿದ್ದರು. ಅವಳಿಗೆ ಸಿಕ್ಕ ಆರು ಬಾಣಂತಿಯರು ಬೇರೆ ದ್ವೀಪಗಳಿಂದ ದೋಣಿಯಲ್ಲಿ ಬಂದವರು, ಅವಳ ಊರು ಯಾವುದೆಂದು ತಿಳಿಯದವರು. ಆದರೆ ಅವಳ ಕೈ ನಮ್ಮ ಯಾರ ಕೈಯಂತೆಯೂ ಇರಲಿಲ್ಲ. ಹೊಟ್ಟೆಯ ಮೇಲೆ ಅಂಗೈ ಇಟ್ಟು, ಕಣ್ಣುಮುಚ್ಚಿ, ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಒಂದು ಸುತ್ತು ಬಿದ್ದಿದೆ, ಸಂಜೆ ಪ್ರಾರ್ಥನೆಯ ಗಂಟೆಗೆ ಮೊದಲೇ ಹುಟ್ಟುತ್ತದೆ ಎನ್ನುತ್ತಿದ್ದಳು. ಹಾಗೇ ಆಗುತ್ತಿತ್ತು. ನಿನಗೆ ಹೇಗೆ ತಿಳಿಯಿತು ಎಂದು ನಮ್ಮ ಮುಖ್ಯಸ್ಥೆ ಸಿಸ್ಟರ್ ಎಸ್ಕೊಲಾಸ್ತಿಕಾ ಕೇಳಿದರೆ, "ನಂಗೆ ಗೊತ್ತಿಲ್ಲ ಸಿಸ್ಟರ್, ಕೈಗೆ ಗೊತ್ತು," ಅಂತಿದ್ದಳು. ಬುದ್ಧಿವಂತಿಕೆಯ ಉತ್ತರವೇನಲ್ಲ. ಸಿಸ್ಟರ್ ಶಿಲುಬೆ ಮುಟ್ಟಿಕೊಂಡರು.

ನಾವು ಹುಡುಗಿಯರು ದಿಂಬಿನಡಿ ಬೆಳ್ಳುಳ್ಳಿ ಇಟ್ಟು ಮಲಗುತ್ತಿದ್ದೆವು. ನಮ್ಮ ಕೋಣೆಗೆ ಸದಾ ಒಗ್ಗರಣೆಯ ವಾಸನೆ. ಅಸ್ವಾಂಗಿನ ಕೈಯಿಂದ ತಿಂದವರು ಅಸ್ವಾಂಗ್ ಆಗುತ್ತಾರೆ ಎಂಬ ಮಾತಿರುವುದರಿಂದ ಅವಳು ಕೊಟ್ಟದ್ದನ್ನು ಯಾರೂ ತಿನ್ನುತ್ತಿರಲಿಲ್ಲ. ಅವಳು ಊರಿಂದ ಬರುವಾಗಲೆಲ್ಲ ತೆಂಗಿನ ಎಳೆಗರಿಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಇಬೋಸ್ ತರುತ್ತಿದ್ದಳು. ನಾನು ನಗುನಗುತ್ತಾ ತೆಗೆದುಕೊಂಡು ಹಿತ್ತಲ ಚರಂಡಿಗೆ ಎಸೆಯುತ್ತಿದ್ದೆ. ಉಳಿದವರು ಬೇಡ ಎಂದು ಮುಖಕ್ಕೇ ಹೇಳುತ್ತಿದ್ದರು. ಈಗ ಯೋಚಿಸಿದರೆ ಅವರೇ ವಾಸಿ.

ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ನಾನು ಬಂದಾಗ ಪಾಸಿಂಗ್ ಅಂಗಳದ ಕಲ್ಲುಬೆಂಚಿನ ಮೇಲೆ ಇಬೋಸ್ ತುಂಬಿದ ತಟ್ಟೆ ಇಟ್ಟುಕೊಂಡು ಒಬ್ಬಳೇ ಕೂತಿದ್ದಳು. ಎದುರು ಮನೆಯಲ್ಲಿ ಬಾಡಿಗೆಗಿದ್ದ ಟೆರ್ಯೋ ಇಸ್ತ್ರಿ ಪೆಟ್ಟಿಗೆ ಕೇಳಲು ಬಂದ. ನಾವಿಕ ಕಾಲೇಜಿನ ಹುಡುಗ, ಬಿಳಿ ಸಮವಸ್ತ್ರ, ಅಗಲ ಕಿವಿ.

"ಇದನ್ನ ಯಾರೂ ತಿಂತಿಲ್ವಾ, ಇಂದಾಯ್?" ಅಂದ. ನಮ್ಮಲ್ಲಿ ಹುಡುಗಿಯರನ್ನು ಮುದ್ದಿನಿಂದ ಕರೆಯುವುದೇ ಹಾಗೆ.

"ತಿಂದೋರು ಅಸ್ವಾಂಗ್ ಆಗ್ತಾರಂತೆ."

"ಹಂಗಾದ್ರೆ ಎರಡು ಕೊಡು. ಹಡಗಲ್ಲಿ ಕೆಲಸ ಸಿಗದಿದ್ರೆ ಹಾರೋದಾದ್ರೂ ಬರಲಿ."

ಎರಡಲ್ಲ, ನಾಲ್ಕು ತಿಂದ. ಅವಳು ನಕ್ಕಿದ್ದನ್ನು ನಾನು ಎರಡು ವರ್ಷದಲ್ಲಿ ಮೊದಲ ಸಲ ನೋಡಿದ್ದು ಅಂದೇ. ಇಸ್ತ್ರಿ ಪೆಟ್ಟಿಗೆ ಮರೆತು ಹೋದ. ಮಾರನೆಯ ಭಾನುವಾರ ಅದಕ್ಕೇ ಮತ್ತೆ ಬಂದ, ಮತ್ತೆ ಮರೆತ. ಮುಂದಿನ ಮೂರು ತಿಂಗಳು ಅವನ ಸಮವಸ್ತ್ರ ಇಸ್ತ್ರಿ ಕಾಣಲಿಲ್ಲ. ಮುಸ್ಸಂಜೆಯಾದರೆ ಜನ ಏನೆಂದುಕೊಳ್ಳುತ್ತಾರೋ ಎಂದು ಇಬ್ಬರೂ ಸುಡುವ ಮಧ್ಯಾಹ್ನವೇ ಚೌಕದಲ್ಲಿ ತಿರುಗಾಡುತ್ತಿದ್ದರು. ಊರಲ್ಲಿ ಪ್ರೀತಿಗಾಗಿ ಬಿಸಿಲಿಗೆ ಕಪ್ಪಾದ ಜೋಡಿ ಅದೊಂದೇ.

ಸುದ್ದಿ ಅವನ ತಾಯಿ ಊರ್ಬಾನಾಗೆ ಮುಟ್ಟಿತು. ಆಕೆ ಬಂದವಳೇ ನಮ್ಮ ಅಡುಗೆಮನೆಯಲ್ಲಿ ಕೂತು ಎಲ್ಲರೆದುರು ಒಂದು ಸೀಸೆ ತೋರಿಸಿದಳು. ಹೆಬ್ಬೆರಳಿನಷ್ಟು ದಪ್ಪ, ಬೂಚು ಹಾಕಿದ್ದು, ಒಳಗೆ ಬೇರುನಾರಿನ ಜೊತೆ ಗುಡ್ ಫ್ರೈಡೇ ದಿನ ಕಾಯಿಸಿದ ಕೊಬ್ಬರಿ ಎಣ್ಣೆ. ಅಸ್ವಾಂಗ್ ಹತ್ತಿರ ಬಂದರೆ ಅದು ಬೆಂಕಿಯಿಲ್ಲದೆ ಕುದಿಯುತ್ತದೆ. ಎಣ್ಣೆ ಕುದಿಯುವ ಮೊದಲೇ ತಾಯಿ ಕುದಿಯುತ್ತಿದ್ದಳು. ಮಗ ಅದನ್ನು ಕೊರಳಿಗೆ ಕಟ್ಟಿಕೊಳ್ಳುವುದಾಗಿ ಮಾತು ಕೊಟ್ಟಿದ್ದಾನೆ, ಕುದಿಯುವ ತನಕ ತಾನು ಏನೂ ಅನ್ನುವುದಿಲ್ಲ ಎಂದು ಹೇಳಿ ಹೋದಳು. ಆಗ ಪಾಸಿಂಗ್ ವಾರ್ಡಿನಲ್ಲಿದ್ದಳು. ಅವನ ಅಂಗಿಯೊಳಗಿನ ದಾರವನ್ನು ಮುಂದೆ ಅವಳು ಕಂಡಾಗ, ಅಮ್ಮ ಕಟ್ಟಿದ ಮಾತೆ ಮರಿಯಮ್ಮನವರ ಪದಕ ಎಂದು ಅವನು ಹೇಳಿದನಂತೆ. ಅವಳು ಖುಷಿಯಿಂದ ನನಗೆ ಹೇಳಿದಳು. ಸೀಸೆಯ ಸುದ್ದಿಯನ್ನು ನಾನು ಎತ್ತಲಿಲ್ಲ. ಮಾತಿನಲ್ಲಿ ಮೂರು ಅರ್ಥ ಹುಡುಕುವವಳಿಗೆ ಆ ದಿನ ಒಂದು ಮಾತೂ ಸಿಗಲಿಲ್ಲ.

ಫೆಬ್ರವರಿಯಲ್ಲಿ ಅವಳ ಊರಿಂದ ಸುದ್ದಿ ಬಂತು. ಲೋಲಾ ಸಿದ್ರಾ ಒಂಬತ್ತು ದಿನದಿಂದ ಸಾಯುತ್ತಿದ್ದಾಳೆ, ಪ್ರಾಣ ಹೋಗುತ್ತಿಲ್ಲ. ಯಾಕೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಸ್ವಾಂಗಿನ ಗಂಟಲಲ್ಲಿ ಒಂದು ಕರಿ ಕೋಳಿಮರಿ ಇರುತ್ತದೆ. ಅದನ್ನು ತನ್ನ ರಕ್ತದವರ ಬಾಯಿಗೆ ಬಾಯಿ ಇಟ್ಟು ದಾಟಿಸುವವರೆಗೆ ಅಸ್ವಾಂಗಿಗೆ ಸಾವಿಲ್ಲ. ಉಳಿದಿದ್ದ ರಕ್ತ ಪಾಸಿಂಗ್ ಒಬ್ಬಳೇ.

ಹೋಗಬೇಡ ಎಂದು ಟೆರ್ಯೋ ಅಂಗಳದಲ್ಲಿ ನಿಂತು ಒಂದು ಗಂಟೆ ಬೇಡಿಕೊಂಡ. ನೀನು ಹೋಗಿ ಬಂದೆ ಅಂದರೆ ನನ್ನ ಅಮ್ಮನಷ್ಟೇ ಅಲ್ಲ, ಈ ಊರಲ್ಲಿ ಯಾರೂ ನಿನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ, ಉಳಿದ ಹದಿನಾಲ್ಕು ಹೆರಿಗೆಯನ್ನು ಮರೆತುಬಿಡು ಎಂದ. ಅದೆಲ್ಲ ಅವಳಿಗೂ ಗೊತ್ತಿತ್ತು.

"ಅವಳು ನನ್ನ ಸಾಕಿದೋಳು ಟೆರ್ಯೋ," ಅಂದಳು. "ನೀನು ಬರೋದಾದ್ರೆ ಬಾ."

ಅವನು ಬಂದ, ಅದನ್ನು ಅವನ ಪಾಲಿಗೆ ಬರೆಯಲೇಬೇಕು. ನಾನೂ ಹೋದೆ. ಚರಂಡಿ ಪಾಲಾದ ಇಬೋಸ್‌ಗಳು ನನ್ನನ್ನು ದೂಡಿದವು.

ಮನೆ ಕಂಬಗಳ ಮೇಲಿತ್ತು, ನೆಲ ಬಿದಿರಿನ ಸೀಳಿನದು. ಊರವರು ಇಪ್ಪತ್ತು ಮಾರು ದೂರದಲ್ಲಿ ಮಾವಿನ ಮರದಡಿ ನಿಂತಿದ್ದರು. ಪ್ರಾಣ ಹೋಗಲೆಂದು ಮಾಡಿನ ಗರಿಯನ್ನು ಅಷ್ಟಗಲ ಕಿತ್ತಿದ್ದರು. ಅಷ್ಟು ಉಪಕಾರ ಮಾಡಿದವರು ಏಣಿ ಹತ್ತಿ ಒಳಗೆ ಮಾತ್ರ ಹೋಗಿರಲಿಲ್ಲ. ನಾನು ಏಣಿಯ ಅರ್ಧದಲ್ಲಿ ನಿಂತು ನೋಡಿದೆ. ಅಜ್ಜಿಯ ಬಾಯಿ ತೆರೆದೇ ಇತ್ತು, ತುಟಿ ಒಣಗಿ ಸೀಳಿತ್ತು. ಪಾಸಿಂಗ್ ಪಕ್ಕದಲ್ಲಿ ಕೂತು, ಬಾಯಿಗೆ ಕಿವಿಯಿಟ್ಟು ಏನೋ ಕೇಳಿಸಿಕೊಂಡಳು. ಗುಡಾಣದ ಕಡೆ ಹೋಗಿ ಬಂದಳು. ಆಮೇಲೆ ಬಗ್ಗಿ ಅಜ್ಜಿಯ ಬಾಯಿಗೆ ಬಾಯಿ ಇಟ್ಟಳು. ಮರದಡಿ ಯಾರೋ ಅಳತೊಡಗಿದರು. ಅವಳ ಗಂಟಲು ಒಮ್ಮೆ ಅಲುಗಿ ನುಂಗಿದ್ದನ್ನು ನಾನು ಕಂಡೆ. ಅರ್ಧ ಗಂಟೆಯಲ್ಲಿ ಲೋಲಾ ಸಿದ್ರಾ ಹೋದಳು.

ಪಾಸಿಂಗ್ ಏಣಿಯಿಳಿದು ಟೆರ್ಯೋನ ಮುಂದೆ ನಿಂತಾಗ ಅವನು ಚೀರಿ ಅಂಗಿ ಹರಿದುಕೊಂಡ. ಎದೆಯ ಮೇಲೆ ಸೀಸೆ. ಒಳಗೆ ಎಣ್ಣೆ ಸಣ್ಣಗೆ ಗುಳ್ಳೆಯೆದ್ದು ಕುದಿಯುತ್ತಿತ್ತು. ನಾನು ನನ್ನ ಈ ಎರಡು ಕಣ್ಣಿಂದ ನೋಡಿದ್ದೇನೆ. ಬಿಸಿಲಿಗೋ, ಅವನ ಮೈ ನಡುಗಿದ್ದಕ್ಕೋ ಎಂದು ಆಮೇಲೆ ಬಹಳ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಅವಳು ನೋಡಿದ್ದು ಗುಳ್ಳೆಯನ್ನಲ್ಲ, ಸೀಸೆಯನ್ನು.

"ಇದು ಯಾವಾಗಿಂದ?" ಅಂದಳು.

"ಅಮ್ಮ ಕಟ್ಟಿದ್ದು."

"ಇಬೋಸ್ ತಿನ್ನುವಾಗ್ಲೂ ಇತ್ತಾ?"

"ಮೊದಲನೇ ಸಲ ಇರಲಿಲ್ಲ."

"ಆಮೇಲೆಲ್ಲ ಇತ್ತು."

ಅವನ ಒಂದು ಮಾತಿಗಾಗಿ ಅವಳು ಅಲ್ಲೇ ನಿಂತು ಕಾದಳು. ಆಮೇಲೆ ಅಜ್ಜಿಯನ್ನು ತೊಳೆಯಲು ಮೇಲೆ ಹೋದಳು.

ಮರುದಿನ ಮಣ್ಣು ಮಾಡಿ, ಬಟ್ಟೆಬರೆ ತರಲೆಂದು ಅವಳು ನನ್ನೊಡನೆ ಇಲೋಯ್ಲೋಗೆ ಹೊರಟಳು. ಜೀಪ್ನಿಯೆಂಬ ಬಾಡಿಗೆ ಜೀಪಿನಲ್ಲಿ ಧೈರ್ಯ ಮಾಡಿ, ಏನು ನುಂಗಿದೆ ಎಂದು ಕೇಳಿದೆ. ಅಜ್ಜಿಯ ಕಿವಿಮಾತು ಒಂದೇ, ನೀರು. ಲೋಟದಿಂದ ಕೊಟ್ಟರೆ ನೆತ್ತಿಗೇರುತ್ತಿತ್ತು, ಅದಕ್ಕೆ ತನ್ನ ಬಾಯಲ್ಲಿ ಹಿಡಿದು ಹನಿಹನಿಯಾಗಿ ಕೊಟ್ಟಳಂತೆ. ಉಳಿದದ್ದನ್ನು ನುಂಗಿದಳಂತೆ. ಒಂಬತ್ತು ದಿನ ಊರೆಲ್ಲ ಆ ತೆರೆದ ಬಾಯಿ ನೋಡಿ ಕೋಳಿಮರಿ ಬರುತ್ತದೆ ಎಂದು ದೂರ ನಿಂತಿತ್ತು. ಅಜ್ಜಿಗೆ ಬಾಯಾರಿತ್ತು, ಅಷ್ಟೇ. ನಾನು ನಂಬಿದೆ. ಸ್ವಲ್ಪ ಹೊತ್ತಿಗೆ ಜೀಪ್ನಿ ತಿರುವಿನಲ್ಲಿ ನಿಧಾನವಾದಾಗ, ನನ್ನ ಪಕ್ಕದಿಂದಲೇ ಮೆಲ್ಲಗೆ ಚಿಂವ್ ಎಂದಿತು. ಬುಟ್ಟಿ ಯಾರದೆಂದು ಸುತ್ತ ನೋಡಿದೆ. ಯಾರ ಬಳಿಯೂ ಬುಟ್ಟಿ ಇರಲಿಲ್ಲ. ಪಾಸಿಂಗ್ ಕಿಟಕಿಯಾಚೆ ನೋಡುತ್ತಿದ್ದಳು.

ಸುದ್ದಿ ನಮಗಿಂತ ಮೊದಲೇ ಕಾಲೇಜು ಸೇರಿತ್ತು. ಸಿಸ್ಟರ್ ಅಸ್ವಾಂಗನ್ನು ನಂಬುತ್ತಿರಲಿಲ್ಲ, ಆದರೆ ಇಪ್ಪತ್ತನ್ನು ನಂಬುತ್ತಿದ್ದರು. ಆರಕ್ಕೆ ಪದವಿ ಬರುವುದಿಲ್ಲ ಎಂದರು. ಪಾಸಿಂಗ್ ಊರಿಗೆ ಹಿಂತಿರುಗಿ, ಅಜ್ಜಿಯ ಮನೆಯಲ್ಲಿ ಅಜ್ಜಿಯ ಕೆಲಸ ಹಿಡಿದಳು. ಹಗಲು ಅವಳನ್ನು ಕಂಡರೆ ಉಗಿಯುವ ಊರಿನವರೇ, ಹೊಳೆ ತುಂಬಿ ಪೇಟೆಗೆ ದಾರಿಯಿಲ್ಲದಾಗ ಹಿಂಬಾಗಿಲಿಗೆ ಬಂದು ಕರೆಯುತ್ತಿದ್ದರು. ಕೂಸು ಹುಟ್ಟಿದ ಮೇಲೆ ಅವಳು ಮುಟ್ಟಿದ ಕತ್ತರಿಗೆ ಉಪ್ಪು ಹಾಕಿ ತೊಳೆಯುತ್ತಿದ್ದರು. ಪ್ರಮಾಣಪತ್ರದ ಮಟ್ಟಿಗೆ ಸೋಲಗಿತ್ತಿ, ಆದರೂ ಸೂಲಗಿತ್ತಿ.

ಟೆರ್ಯೋ ಹಡಗು ಹತ್ತಿದ. ವರ್ಷಕ್ಕೊಮ್ಮೆ ರಜೆಯಲ್ಲಿ ಆ ಊರಿಗೆ ಬಂದು ಲೋಲಾ ಸಿದ್ರಾಳ ಗೋರಿಗೆ ಮೇಣದಬತ್ತಿ ಹಚ್ಚಿ, ಪಾಸಿಂಗಳ ಮನೆಯ ಕೆಳಗೆ, ಕಂಬಗಳ ನಡುವಿನ ನೆಲದ ಮೇಲೆ ಕೂತು ಬಲೆ ಹೆಣೆಯುತ್ತಿದ್ದ. ಅವಳು ಕರೆಯುತ್ತಿರಲಿಲ್ಲ, ಓಡಿಸುತ್ತಲೂ ಇರಲಿಲ್ಲ. ಅವನ ಕರುಳು ಆಗಲೇ ಅವಳ ಹೊಟ್ಟೆಯಲ್ಲಿದೆ, ಉಳಿದ ಸಿಪ್ಪೆ ಹೀಗೆ ಬಂದು ಕೂರುತ್ತದೆ ಎಂದು ಊರು ಹೇಳುತ್ತಿತ್ತು.

ಆರು ವರ್ಷದ ಮೇಲೆ ನಾನು ಅಲ್ಲಿಗೆ ಹೋದದ್ದು ದಿನ ತುಂಬಿದ ಹೊಟ್ಟೆ ಹೊತ್ತು. ನನ್ನ ಮೊದಲ ಕೂಸು ಕೊರಳಿಗೆ ಬಳ್ಳಿ ಸುತ್ತಿ ಸತ್ತೇ ಹುಟ್ಟಿತ್ತು. ಅದರ ಬಗ್ಗೆ ನನ್ನಲ್ಲಿ ತಮಾಷೆ ಯಾವುದೂ ಇಲ್ಲ. ಎರಡನೆಯದಕ್ಕೆ ನನಗೆ ಬೇಕಾದದ್ದು ಆ ಕೈ. ಗಂಡ ಒಪ್ಪಿದ. ಅತ್ತೆ ನನ್ನ ಸೊಂಟಕ್ಕೆ ಒಂದು ಸೀಸೆ ಕಟ್ಟಿ ಕಳಿಸಿದಳು. ನಾನು ಏಣಿ ಹತ್ತುವಾಗ ರಜೆಗೆ ಬಂದಿದ್ದ ಟೆರ್ಯೋ ಕೆಳಗೆ ಬಲೆ ಹೆಣೆಯುತ್ತಿದ್ದ.

ಪಾಸಿಂಗ್ ಹೊಟ್ಟೆ ಮುಟ್ಟಿ ನೋಡಲು ಬಟ್ಟೆ ಸರಿಸಿದಾಗ ಅದು ಅವಳ ಕೈಗೆ ಸಿಕ್ಕಿತು. ಅವಳ ಕೈ ನಿಂತಿತು.

"ನೀನೂನಾ, ಲೂಮಿಂಗ್?"

"ಅತ್ತೆ ಕಟ್ಟಿದ್ದು. ಬಿಚ್ಚೋಕೆ ಮರೆತೆ."

"ಮರೆತ್ಯಾ?"

ಇನ್ನೊಂದು ಚರಂಡಿ ಎದುರಿಗೆ ಕಂಡಂತಾಯಿತು. "ಇಲ್ಲ," ಅಂದೆ. "ಹೆದರಿಕೆ. ನಿನ್ನ ಕಂಡ್ರೆ ನಂಗೆ ಮೊದಲಿಂದ ಹೆದರಿಕೆ. ನೀನು ಕೊಟ್ಟ ಇಬೋಸ್ ಒಂದೂ ತಿಂದಿಲ್ಲ, ಎಲ್ಲ ಎಸೆದೆ. ಆದ್ರೂ ಬಂದಿದೀನಿ."

ಅವಳು ಬೂಚು ಕಿತ್ತು ಎಣ್ಣೆಯನ್ನೆಲ್ಲ ಅಂಗೈಗೆ ಸುರಿದುಕೊಂಡು ನನ್ನ ಹೊಟ್ಟೆಗೆ ನೀವತೊಡಗಿದಳು. ಎಣ್ಣೆ ಬಿಸಿಯಾಗಿತ್ತು. ನನ್ನ ಸೊಂಟದ ಕಾವು ಇರಬೇಕು. ಬಳ್ಳಿ ಎರಡು ಸುತ್ತು ಬಿದ್ದಿದೆ, ಕೂಸು ಗಟ್ಟಿ, ಹೆದರಬೇಡ ಎಂದಳು. ಹೆದರಬೇಡ ಎಂಬ ಮಾತು ಅವಳ ಬಾಯಲ್ಲಿ ನನ್ನ ಹೆದರಿಕೆಯನ್ನು ಹಂಗಿಸಲಿಲ್ಲ.

ಬಿದಿರು ನೆಲದ ಸೀಳುಗಳಲ್ಲಿ ಕೆಳಗಿನದೆಲ್ಲ ಮೇಲೆ, ಮೇಲಿನದೆಲ್ಲ ಕೆಳಗೆ ಕೇಳುತ್ತದೆ. ಬಲೆ ಹೆಣೆಯುವ ಸದ್ದು ಯಾವಾಗಲೋ ನಿಂತಿತ್ತು.

"ನಾನೂ ಹೆದರಿದ್ದೆ, ಪಾಸಿಂಗ್," ಎಂದಿತು ಕೆಳಗಿನಿಂದ ಗಂಡುದನಿ. "ಅವತ್ತು ಅಷ್ಟೂ ಹೇಳಲಿಲ್ಲ."

ಪಾಸಿಂಗಳ ನೀವುವ ಕೈ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ನೋವು ಜೋರಾದಾಗ ಮಾತ್ರ, ನೆಲದ ಕಡೆ ಬಗ್ಗಿ, ಬಾವಿಯಿಂದ ಎರಡು ಕೊಡ ನೀರು ಬೇಕು ಎಂದಳು. ಯಾರಿಗೆ ಹೇಳಿದ್ದೆಂದು ಹೆಸರು ಹಿಡಿಯಲಿಲ್ಲ. ಟೆರ್ಯೋ ಆರು ವರ್ಷದಲ್ಲಿ ಮೊದಲ ಸಲ ಆ ಏಣಿ ಹತ್ತಿದ. ಕೊಡ ಹೊಸ್ತಿಲ ಮೇಲಿಟ್ಟ, ಕಿಟಕಿಯ ಬಳಿ ಬಿದ್ದಿದ್ದ ಖಾಲಿ ಸೀಸೆಯನ್ನು ನೋಡಿದ, ಅವಳನ್ನು ನೋಡಿದ. ಅವಳು ಕೊಡ ಎಳೆದುಕೊಂಡು ಬೆನ್ನು ತಿರುಗಿಸಿದಳು.

ಸಂಜೆ ಗಂಟೆಗೆ ಮೊದಲು ನನ್ನ ಮಗಳು ಕೊರಳಿನ ಎರಡು ಸುತ್ತು ಬಿಚ್ಚಿಸಿಕೊಂಡು ಅತ್ತಳು. ನಾನು ತಲೆಯೆತ್ತಿ ಬಾಗಿಲ ಕಡೆ ನೋಡಿದೆ. ಟೆರ್ಯೋ ಇಳಿದು ಹೋಗಿದ್ದ, ಆದರೆ ಪೂರ್ತಿ ಇಳಿದಿರಲಿಲ್ಲ. ಏಣಿಯ ಮೂರನೆಯ ಮೆಟ್ಟಿಲ ಮೇಲೆ ಕೂತಿದ್ದ. ಕತ್ತಲಾಗುತ್ತಿತ್ತು. ಪಾಸಿಂಗ್ ಕೈ ತೊಳೆದು ಒಲೆಯ ಮೇಲಿನ ಇಬೋಸ್ ತಟ್ಟೆಗೆ ಹಾಕಿ, ಒಂದನ್ನು ಬಿಡಿಸಿ ನನ್ನ ಬಾಯಿಗಿಟ್ಟಳು. ತಿಂದೆ. ಉಳಿದ ತಟ್ಟೆಯನ್ನು ಬಾಗಿಲ ಬಳಿ, ಅವನ ಕೈಗೆ ಎಟುಕುವಷ್ಟು ದೂರದಲ್ಲಿ ಇಟ್ಟು ಒಳಗೆ ಬಂದಳು.