ಓರ್ಫಾ ಸ್ಟಿಕ್ನಿಯ ಸಕ್ಕರೆ ಹಿಮ

ಓರ್ಫಾ ಲೂಯಿಸಾ ಸ್ಟಿಕ್ನಿ, ವಯಸ್ಸು ಎಪ್ಪತ್ತೊಂಬತ್ತು. ಅಮೆರಿಕದ ವರ್ಮಾಂಟಿನ ಬೆಟ್ಟದ ಮಗ್ಗುಲಲ್ಲಿ ಮೇಪಲ್ ತೋಪು ನಡೆಸುತ್ತಿದ್ದ ಅಮಾಸಾ ಟಟಲ್‌ನ ಮಗಳು, ರಾಯಲ್ ಸ್ಟಿಕ್ನಿಯ ವಿಧವೆ, ವರ್ನಾ ಎಂಬ ಒಬ್ಬಳೇ ಮಗಳ ತಾಯಿ. ಜೀವಮಾನದಲ್ಲಿ ಅವಳು ಬರೆದದ್ದು ಒಂದೇ ಸುನೀತ. ಆ ಹದಿನಾಲ್ಕು ಸಾಲುಗಳನ್ನು ದೇಶದ ಶಾಲೆಗಳೆಲ್ಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದವು. ಅದರಲ್ಲಿ ಒಂದು ಪದ ಮಾತ್ರ ಅವಳದಲ್ಲ.

ಮೇಪಲ್ ಮರಗಳಿಂದ, ಕಾಯಿಸಿ ಪಾಕ-ಸಕ್ಕರೆ ಮಾಡುವ ಸಿಹಿ ರಸ ಇಳಿಯತೊಡಗಿದ ಮೇಲೆ ಬೀಳುವ ತಡವಾದ ಹಿಮವನ್ನು ಅಲ್ಲಿಯವರು ಸಕ್ಕರೆ ಹಿಮ ಎನ್ನುತ್ತಾರೆ. ಅದು ಬಿದ್ದರೆ ಚಳಿ ಮರಳುತ್ತದೆ, ಮೊಗ್ಗು ಒಡೆಯುವುದು ತಡವಾಗುತ್ತದೆ, ರಸ ಇನ್ನಷ್ಟು ಕಾಲ ಹರಿಯುತ್ತದೆ. ಒಂದು ವರ್ಷ ಬಿಸಿಲು ಬೇಗನೆ ಏರಿ, ಸುಗ್ಗಿ ಮುಗಿದೇಹೋಯಿತೆಂದು ಮನೆಮಂದಿ ಕೈಚೆಲ್ಲಿ ಕುಳಿತಿದ್ದಾಗ ಆ ಹಿಮ ಬಂತು. ಅಮಾಸಾ ಅಂಗಳದಲ್ಲಿ ಟೋಪಿ ತೆಗೆದು ನಿಂತ. ಓರ್ಫಾ ಬರೆದದ್ದು ಅದನ್ನೇ.

ಅವಳು ಪದ್ಯ ಕಳಿಸಿದ ಬಾಸ್ಟನ್ನಿನ ಪತ್ರಿಕೆಯ ಸಂಪಾದಕನಿಗೆ ಸಕ್ಕರೆ ಎಂಬುದು ಅಡುಗೆಮನೆಯ ಮಾತಾಗಿ ಕಂಡಿತು. ಅವಳನ್ನು ಕೇಳದೆಯೇ ಬೆಳ್ಳಿ ಹಿಮವೆಂದು ತಿದ್ದಿ ಅಚ್ಚುಹಾಕಿಸಿದ. ಓದುಗರು ಬೆಳ್ಳಿಯಲ್ಲಿ ನರೆಯನ್ನು ಕಂಡರು, ತೆಗೆದ ಟೋಪಿಯಲ್ಲಿ ಶೋಕವನ್ನು; ಕೃತಜ್ಞತೆಯ ಪದ್ಯ ಸಾವಿನ ಪದ್ಯವಾಯಿತು. ಅದಕ್ಕೇ ಜನ ಅದನ್ನು ಮೆಚ್ಚಿದರು. ಪ್ರತಿಯೊಂದು ಹೊಸ ಸಂಕಲನಕ್ಕೂ ಅವಳು ತಕರಾರು ಬರೆದಳು. ಓದುಗರು ಒಲಿದಿರುವುದು ಈ ರೂಪಕ್ಕೇ ಎಂಬ ವಿನಯದ ಉತ್ತರಗಳು ಬಂದವು. ರಾಯಲ್‌ನ ಶವಪೆಟ್ಟಿಗೆಯ ಮುಂದೆ ಪಾದ್ರಿ ಓದಿದ್ದೂ ಅದೇ ಬೆಳ್ಳಿಯನ್ನು. ಅವಳು ಅಲುಗದೆ ಕೇಳಿದಳು.

ಊರಿನವರು ಗ್ರಂಥಾಲಯದ ಎದುರು ಆ ಪದ್ಯದ ಕಲ್ಲು ನಿಲ್ಲಿಸಲು ಹೊರಟಾಗ ಅವಳಲ್ಲಿ ಕೊನೆಯ ಆಸೆ ಚಿಗುರಿತು. ಪಂಚಾಯಿತಿಯ ಹಿರಿಯ ಹಾರ್ಲನ್ ಪೆಕ್ ತಾನೂ ರಸ ಕಾಯಿಸುವವನು. ಅವನ ಒಲೆಯ ಬಳಿಗೇ ಹೋದಳು.

"ನೀನಾದ್ರೂ ಸಕ್ಕರೆ ಅಂತ ಕೆತ್ತಿಸಪ್ಪ. ನಿಂಗೂ ಬಿಡಿಸಿ ಹೇಳ್ಬೇಕಾ?"

"ನಂಗೊತ್ತು, ಓರ್ಫಾ ಅತ್ತೆ. ಆದ್ರೆ ನೋಡೋಕೆ ಬಂದೋರು, ಈ ಊರೋರಿಗೆ ತಮ್ಮ ಪದ್ಯಾನೇ ನೆಟ್ಟಗೆ ಬರಲ್ಲ ಅಂತ ನಗ್ತಾರೆ."

"ಬರೆದೋಳು ನಾನು."

"ಬರೆದಿದ್ದು ನೀವೇ. ಆದ್ರೆ ಅದೀಗ ನಿಮ್ಮದಾಗಿ ಉಳಿದಿಲ್ವಲ್ಲ, ಅತ್ತೆ."

ಅವನು ಕೆಟ್ಟವನಲ್ಲ. ಸುಗ್ಗಿಯಲ್ಲಿ ಬಂದವರಿಗೆಲ್ಲ ಕೊಡುವಂತೆ ತಟ್ಟೆಯ ಹಿಮದ ಮೇಲೆ ಬಿಸಿ ಪಾಕ ಸುರಿದು, ಸಿಹಿ ಮುರಿಯಲು ಪಕ್ಕದಲ್ಲಿ ಸೌತೆಯ ಉಪ್ಪಿನಕಾಯಿ ಇಟ್ಟು ಮುಂದೆ ಹಿಡಿದ. ಅವಳು ಮುಟ್ಟದೆ ಎದ್ದುಬಂದಳು. ಕಲ್ಲಿನ ಮೇಲೆ ಬೆಳ್ಳಿಯೇ ಕೂತಿತು.

ಮರುವರ್ಷ ಅವಳು ಹಾಸಿಗೆ ಹಿಡಿದಿದ್ದಾಗ, ರಸ ಹರಿಯುವ ಕಾಲದಲ್ಲಿ, ಮುಂಜಾನೆ ಹಿಮ ಸುರಿಯಿತು. ವರ್ನಾ ಪರದೆ ಸರಿಸಿ, ತಾಯಿಗೆ ಹಿತವಾಗಲೆಂದು ಹೇಳಿದಳು:

"ನೋಡಮ್ಮ, ನಿನ್ನ ಬೆಳ್ಳಿ ಹಿಮ."

ಓರ್ಫಾ ಗೋಡೆಯ ಕಡೆ ಹೊರಳಿದಳು. ಆ ಹಿಮ ಕರಗುವ ಮೊದಲೇ ತೀರಿಕೊಂಡಳು.

ಅವಳು ಬಿಟ್ಟುಹೋದದ್ದು: ತಂದೆಯ ಕಾಲದ ಪಾಕದ ಬಾಣಲೆ, ತುಕ್ಕು ಹಿಡಿದ ರಸದ ಬಕೆಟ್ಟುಗಳು, ಮಾಡು ಕುಸಿದ ಒಲೆಮನೆ, ಮುಚ್ಚಳ ತೆಗೆಯದ ಒಂದು ಜಾಡಿ ಉಪ್ಪಿನಕಾಯಿ, ಅಮಾಸಾನ ಟೋಪಿ, ದೇಶಕ್ಕೆಲ್ಲ ಬಾಯಿಪಾಠವಾದ ಹದಿನಾಲ್ಕು ಸಾಲು, ಒಂದು ಪದ ಕಡಿಮೆ.