ಅಪ್ಪ ಅಂಗಿಯನ್ನು ಹೊರಗೆ ಬಿಟ್ಟ ಭಾನುವಾರ

ಫೆಬ್ರವರಿ ಹದಿನಾರು, ಭಾನುವಾರ, ಬೆಳಿಗ್ಗೆ ಆರೂಮುಕ್ಕಾಲು. ಮುಂಡರಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಬರೆಯಲು ತೊಡಗಿದ್ದೇನೆ. ಅಪ್ಪ ಹಾಲು ತರಲು ಹೋಗಿದ್ದಾನೆ. ಈ ಒಂದು ಸಾಲು ನಮ್ಮ ಮನೆಗೆ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಉಳಿದದ್ದನ್ನೂ ಹೇಳಬೇಕು.

ನಾನು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ಕೊಳವೆಗಳಿಗೆ ಚೀಟಿ ಅಂಟಿಸಿ, ವೇಳೆ ಬರೆದು, ಬಂದದ್ದೆಷ್ಟು, ಪರೀಕ್ಷೆಯಾದದ್ದೆಷ್ಟು ಎಂದು ಸಂಜೆ ತಾಳೆ ನೋಡುವುದು ನನ್ನ ಪಾಲಿನ ಕೆಲಸ. ಆ ರೂಢಿ ಮನೆಗೂ ಹಿಂಬಾಲಿಸಿ ಬಂದಿದೆ. ಯಾವ ದಿನ ಯಾರು ಬಂದರು, ಮಳೆ ಬಿತ್ತೇ, ಮೆಣಸಿನಕಾಯಿ ಎಷ್ಟು ಚೀಲವಾಯಿತು, ಎಲ್ಲವೂ ನನ್ನ ದಿನಚರಿಯಲ್ಲಿ ಇರುತ್ತದೆ. ಅಪ್ಪನ ಅಂಗಿಗಳ ಎಣಿಕೆಯೂ ಇದೆ. ಈಗ ತೊಡುವಂಥವು ಹನ್ನೊಂದು. ಕಾಲರ್ ಸವೆದು ನಿವೃತ್ತಿಯಾದವು ನಾಲ್ಕು. ಆ ನಾಲ್ಕರಲ್ಲಿ ಎರಡು ಅವ್ವನ ಪಾಲು, ಎರಡು ನನ್ನ ಪಾಲು.

ಅವ್ವ ಹೊಲಕ್ಕೆ ಹೋಗುವಾಗ ಸೀರೆಯ ಮೇಲೆ ಅಪ್ಪನ ತುಂಬುತೋಳಿನ ಅಂಗಿ ತೊಡುತ್ತಾಳೆ. ಮೆಣಸಿನಕಾಯಿ ಬಿಡಿಸುವ ಹೆಂಗಸರೆಲ್ಲ ಹೀಗೆಯೇ, ಗಂಡನದೋ ಮಗನದೋ ಒಂದು ಅಂಗಿ ಸೀರೆಯ ಮೇಲೆ ಇದ್ದೇ ಇರುತ್ತದೆ. ಬಿಸಿಲಿಗೂ ಆಯಿತು, ಖಾರಕ್ಕೂ ಆಯಿತು. ನಾನು ಸ್ಕೂಟಿ ಹತ್ತಿ ಬಸ್ ನಿಲ್ದಾಣಕ್ಕೆ ಹೋಗುವಾಗ ಚೂಡಿದಾರದ ಮೇಲೆ ಇನ್ನೊಂದನ್ನು ಏರಿಸುತ್ತೇನೆ. ಗುಂಡಿ ಹಾಕುವುದಿಲ್ಲ, ತೋಳು ಮಡಚುತ್ತೇನೆ, ಗಾಳಿಗೆ ಅದು ಹಿಂದೆ ಹಾರುತ್ತಿರುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಅಪ್ಪನ ಅಂಗಿಯನ್ನು ಹೊರಗೆ ಬಿಟ್ಟು ತೊಡದವನು ಅಪ್ಪ ಒಬ್ಬನೇ ಆಗಿದ್ದ.

ಅವನದು ಯಾವಾಗಲೂ ಇನ್‌ಶರ್ಟ್. ಇಸ್ತ್ರಿ, ಬೆಲ್ಟು, ಕೊರಳಿನ ಕೆಳಗಿನ ಗುಂಡಿಯವರೆಗೆ ಭದ್ರ. ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತಿಯಾದ ಮೇಲೂ ಹಾಲಿಗೆ ಹೋಗುವಾಗ ಇನ್‌ಶರ್ಟ್, ಚಹಾದಂಗಡಿಗೆ ಹೋಗುವಾಗ ಇನ್‌ಶರ್ಟ್. ಇದಕ್ಕೆ ಅವನೇ ಹೇಳುವ ಒಂದು ಕತೆ ಇದೆ. ನೌಕರಿಗೆ ಸೇರಿದ ಮೊದಲ ವಾರ, ಡಂಬಳದ ಹತ್ತಿರದ ಹಳ್ಳಿಯಿಂದ ಬಂದ ಹುಡುಗ, ಅಂಗಿ ಹೊರಗೆ ಬಿಟ್ಟುಕೊಂಡು ತನ್ನ ಮೇಜಿನ ಬಳಿ ನಿಂತಿದ್ದನಂತೆ. ಬೇರೆ ಊರಿನಿಂದ ಬಂದ ದೊಡ್ಡ ಸಾಹೇಬರೊಬ್ಬರು ಹೊಲದ ಪಹಣಿ ಉತಾರಕ್ಕೆ ಬಂದ ರೈತ ಎಂದುಕೊಂಡು, "ಹೊರಗ ಕುಂಡ್ರು, ಕರಿತೀವಿ" ಅಂದರಂತೆ. ಅಪ್ಪ ಹೋಗಿ ಹೊರಗಿನ ಬಾಕಿನ ಮೇಲೆ ಕೂತನಂತೆ. ಮಧ್ಯಾಹ್ನದವರೆಗೆ ಯಾರೂ ಕರೆಯಲಿಲ್ಲವಂತೆ. ಈ ಕತೆ ನನ್ನ ದಿನಚರಿಯಲ್ಲಿ ನಾಲ್ಕು ಸಲ ಬಂದಿದೆ. ನಾಲ್ಕೂ ಸಲ ಅಪ್ಪ ನಗುತ್ತಲೇ ಹೇಳಿದ್ದಾನೆ.

ಜನವರಿಯ ಮೊದಲ ವಾರ ಗದಗಿನಲ್ಲಿ ಅವನಿಗೆ ಹರ್ನಿಯಾ ಆಪರೇಶನ್ ಆಯಿತು. ಡಾಕ್ಟರು ಎರಡು ಮಾತು ಹೇಳಿ ಕಳಿಸಿದರು. ಕೆಲವು ತಿಂಗಳು ಬೆಲ್ಟು ಬೇಡ, ಸೊಂಟಕ್ಕೆ ಬಿಗಿಯಾದದ್ದೇನೂ ಬೇಡ. ದಿನಾ ನಡೆಯಬೇಕು. ಮೊದಲನೆಯ ಮಾತಿನಿಂದಾಗಿ ಎರಡನೆಯದು ನಡೆಯಲಿಲ್ಲ. ಅಪ್ಪ ಲಾಡಿಯ ಪೈಜಾಮ ತೊಟ್ಟು, ಬನಿಯನ್ನಿನಲ್ಲಿ, ಅಂಗಳದ ಗೋಡೆಯಿಂದ ಗೋಡೆಗೆ ನಡೆದ. ಗೇಟು ದಾಟಲಿಲ್ಲ. ಹಾಲು ತರುವುದು ನನ್ನ ಪಾಲಿಗೆ ಬಂತು. ಚಹಾದಂಗಡಿಯ ಗೆಳೆಯರು ಒಮ್ಮೆ ನೋಡಲು ಬಂದರೆ ಒಳಗೆ ಹೋಗಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡ. ಅವ್ವ ಹೊರಗೆ ಬಂದು, "ಈಗ ನಿದ್ದಿ ಹತ್ತೇತ್ರಿ" ಎಂದಳು. ಅವರು ಹೋದ ಎರಡೇ ನಿಮಿಷಕ್ಕೆ, ಅವರು ತಂದ ಬಾಳೆಹಣ್ಣು ತಿನ್ನಲು ಅಪ್ಪ ಎದ್ದು ಬಂದ.

ಹೀಗಿರುವಾಗ ಕೋಟುಮಚಗಿಯಿಂದ ಅತ್ತೆಯ ಫೋನ್ ಬಂತು. ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ಹೊಸ ಮನೆ ಕಟ್ಟಿಸಿದ್ದಳು. ಫೆಬ್ರವರಿ ಒಂಬತ್ತರ ಭಾನುವಾರ ಪ್ರವೇಶ. ತವರಿನಿಂದ ಅಣ್ಣ ಆಹೇರಿ ತರಬೇಕು, ಎಂದರೆ ತಂಗಿಗೆ ಸೀರೆ, ಅವಳ ಗಂಡನಿಗೆ ಬಟ್ಟೆ. ಅಜ್ಜ ಅಜ್ಜಿ ಇಲ್ಲದ ಮೇಲೆ ಅವಳಿಗೆ ತವರು ಅಂದರೆ ಅಪ್ಪ ಒಬ್ಬನೇ.

ಅಪ್ಪ ಫೋನಿನಲ್ಲಿ, "ಡಾಕ್ಟರ್ ಪ್ರಯಾಣ ಬ್ಯಾಡ ಅಂದಾರವಾ" ಎಂದ. ಡಾಕ್ಟರು ಹಾಗೆ ಅಂದಿರಲಿಲ್ಲ. ಅವರು ಹೇಳಿದ್ದೆಲ್ಲವನ್ನೂ ನಾನು ಬರೆದುಕೊಂಡಿದ್ದೆ.

ಅತ್ತೆ ನನಗೆ ಬೇರೆ ಫೋನ್ ಮಾಡಿದಳು. "ನಿಮ್ಮಪ್ಪಗ ಹೇಳು. ಅಂವ ಬಂದು ಹೊಸ್ತಿಲಾ ದಾಟೂತನಕಾ ನಾ ಒಲಿ ಹಚ್ಚಂಗಿಲ್ಲ, ಹಾಲು ಉಕ್ಕಸಂಗಿಲ್ಲ. ಪೂಜಿ ಮಾಡೂ ಅಯ್ಯಾರು ಬೇಕಾದ್ರ ಎದ್ದು ಹೋಗ್ಲಿ. ಅಣ್ಣ ಇದ್ದೂ ಇಲ್ಲದಂಗ ನಾ ಮನಿ ಹೊಗಬೇಕೇನು?" ಇಷ್ಟು ಹೇಳಿ ಫೋನ್ ಇಟ್ಟಳು. ನಾನು ಅದನ್ನು ಅಪ್ಪನಿಗೆ ಹಾಗೆಯೇ ಹೇಳಿದೆ.

ಅವನು ಬಾಗಿಲು ಹಾಕಿಕೊಂಡು ಒಂದು ಅಂಗಿ ತೊಟ್ಟು ನೋಡಿದ. ಆಮೇಲೆ ನನ್ನನ್ನು ಕರೆದ. ಇನ್‌ಶರ್ಟ್ ಮಾಡಲೆಂದೇ ಹೊಲಿಸಿದ ಅಂಗಿ. ಹಿಂದೆ ಮುಂದೆ ನಾಲಗೆಯಂತೆ ಇಳಿಬಿದ್ದು ತೊಡೆಯ ಅರ್ಧಕ್ಕೆ ಬರುತ್ತಿತ್ತು. ಕನ್ನಡಿಯ ಮುಂದೆ ಅವನು ಅದನ್ನು ಕೆಳಗೆ ಎಳೆದ, ಮೇಲೆ ಎತ್ತಿದ.

"ಅಂಗಿ ತೊಟ್ಟು ಪ್ಯಾಂಟ್ ಮರ್ತವರಂಗ ಕಾಣ್ತೈತಿ, ನೋಡವಾ. ನೀವಿಬ್ರೂ ಹೋಗಿ ಬರ್ರಿ. ನನಗ ಆಗೂದಿಲ್ಲ."

ಮರುದಿನ ಸಂಜೆ ಬಸ್ಸು ತಡವಾಗಿದ್ದರಿಂದ ಗದಗಿನ ನಿಲ್ದಾಣದಲ್ಲಿ ಕೂತು ನಾನು ಗಂಡಸರ ಅಂಗಿಗಳನ್ನೇ ಗಮನಿಸಿದೆ. ಹತ್ತು ಜನರಲ್ಲಿ ಏಳೆಂಟು ಜನ ಹೊರಗೆ ಬಿಟ್ಟವರೇ. ಅದು ಚೆನ್ನಾಗಿ ಕಾಣುವವರಲ್ಲಿ ಅಂಗಿಯ ತುದಿ ನೆಟ್ಟಗಿತ್ತು, ಪ್ಯಾಂಟಿನ ಕಿಸೆಯ ಅರ್ಧಕ್ಕೆ ನಿಂತಿತ್ತು. ತೋಳು ಮೊಣಕೈಯ ಕೆಳಗೆ ಎರಡು ಮಡಿಕೆ. ಮೇಲಿನ ಒಂದು ಗುಂಡಿ ಬಿಚ್ಚಿತ್ತು. ಇಷ್ಟೇ ತಾನೆ ಅನ್ನಿಸಿತು. ಮರುದಿನ ಅಪ್ಪನ ಆಕಾಶನೀಲಿ ಅಂಗಿಯನ್ನು ಲ್ಯಾಬಿನ ಎದುರಿಗೇ ಇರುವ ದರ್ಜಿಯ ಹತ್ತಿರ ಒಯ್ದೆ. ವಯಸ್ಸಾದ ಮನುಷ್ಯ. ಹೊಲಿಗೆ ಯಂತ್ರದ ಗಾಲಿ ನಿಲ್ಲಿಸದೆಯೇ ಮಾತಾಡುತ್ತಾರೆ.

"ಹೊರಗ ಬಿಟ್ಟು ಹಾಕ್ಕೊಳ್ಳೂ ಹಂಗ ಮಾಡಿಕೊಡ್ರಿ. ಅಪ್ಪಗ ಆಪರೇಶನ್ ಆಗೇತಿ, ಸಡ್ಲ ಇರ್ಬೇಕು."

"ಹಿರ್ಯಾರಿಗೇನು? ಯಾ ಊರಾತು ನಿಮ್ದು?"

"ಮೂಲ ಡಂಬಳದ ಕಡಿರಿ."

"ಆತು ಬಿಡ ತಂಗಿ, ತಿಳೀತು."

ಏನು ತಿಳಿಯಿತು ಎಂದು ನಾನು ಕೇಳಲಿಲ್ಲ. ಎರಡು ದಿನ ಬಿಟ್ಟು ಹೋದಾಗ ಕಾಗದದ ಚೀಲ ಕೊಟ್ಟರು. "ಕಾಲರ್ ಚೆಲ್ಲಿಲ್ಲ ಮತ್ತ, ಅದ್ರಾಗ ಇಟ್ಟೇನಿ" ಅಂದರು. ನಾನು ಅಲ್ಲೇ ಅಂಗಿ ಹೊರಗೆ ತೆಗೆದು ನೋಡಿದೆ.

ಡಂಬಳದ ಕಡೆಯ ಹಿರಿಯರು, ಹೊರಗೆ ಬಿಟ್ಟು ತೊಡಬೇಕು, ಸಡಿಲ ಇರಬೇಕು. ಈ ಮೂರನ್ನೂ ಕೂಡಿಸಿ ಅವರು ಅದನ್ನು ಜುಬ್ಬಾ ಮಾಡಿಬಿಟ್ಟಿದ್ದರು. ಕಾಲರ್ ತೆಗೆದು ಪಟ್ಟಿಯ ಕೊರಳು. ಮೂರು ಗುಂಡಿ ಬಿಟ್ಟು ಕೆಳಗಿನದನ್ನೆಲ್ಲ ಹೊಲಿದು ಮುಚ್ಚಿ, ತಲೆಯ ಮೇಲಿಂದ ತೊಡುವಂತೆ ಮಾಡಿದ್ದರು. ಎರಡೂ ಪಕ್ಕ ಸೀಳು, ಬಲಕ್ಕೆ ಒಂದು ಬಗಲ ಕಿಸೆ. ಕೆಲಸವೇನೋ ಅಚ್ಚುಕಟ್ಟು. ಬೈಯಲಿಕ್ಕೂ ಬಾಯಿ ಬರಲಿಲ್ಲ.

ಮನೆಯಲ್ಲಿ ಚೀಲ ಬಿಚ್ಚಿದಾಗ ಅವ್ವ ಕಾಲರನ್ನು ತನ್ನ ಕೊರಳಿಗೆ ಹಿಡಿದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅಪ್ಪ ನಗಲಿಲ್ಲ. ಜುಬ್ಬಾ ತೆಗೆದುಕೊಂಡು ತಲೆಯ ಮೇಲಿಂದ ಇಳಿಸಿದ. ಕನ್ನಡಿ ನೋಡಲಿಲ್ಲ. ಬಲಗೈ ತಾನಾಗಿಯೇ ಬಗಲ ಕಿಸೆಯೊಳಗೆ ಹೋಯಿತು. ಅಲ್ಲಿ ಏನೋ ಇದೆಯೆಂಬಂತೆ ಸ್ವಲ್ಪ ಹೊತ್ತು ತಡಕಾಡಿತು.

"ಇದು ನಮ್ಮಪ್ಪನ ಅಂಗಿ" ಎಂದ.

ಅಜ್ಜ ಸಾಯುವವರೆಗೆ ಜುಬ್ಬಾ ಧೋತರದಲ್ಲೇ ಇದ್ದ. ಆ ಕಿಸೆಯಲ್ಲಿ ಸದಾ ಹುರಿದ ಶೇಂಗಾ ಇರುತ್ತಿತ್ತಂತೆ.

"ಇದನ್ನ ಬಿಟ್ಟು ಬರಾಕ ನನಗ ಒಂದು ಜನ್ಮ ಹಿಡೀತು. ನೀ ಎರಡ ದಿನದಾಗ ತಿರುಗಿ ತೊಡಿಸಿದಿ." ಸಿಟ್ಟಿನಲ್ಲಿ ಅನ್ನಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಅವನು ಜುಬ್ಬಾ ಬಿಚ್ಚಿ, ನೀಟಾಗಿ ಮಡಚಿ, ಕಾಲರನ್ನು ಅದರ ಮೇಲಿಟ್ಟ. ಭಾನುವಾರಕ್ಕೆ ಎರಡು ದಿನ ಉಳಿದಿತ್ತು. ಕೆಲಸ ಕೆಟ್ಟಿತು ಎಂದು ಬರೆದು ಮಲಗಿದೆ.

ಮರುದಿನ ಬೆಳಿಗ್ಗೆ ಅವ್ವ ಹೊಲಕ್ಕೆ ಹೊರಟಿದ್ದಳು. ಸೀರೆಯ ಮೇಲೆ ಅಪ್ಪನ ಹಳೆಯ ಗೆರೆ ಅಂಗಿ. ಅಪ್ಪ ಕುರ್ಚಿಯಲ್ಲಿ ಕೂತು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಇದರ ಬುಡ ಎಲ್ಲಿ ಹೋತು?"

"ಯಾವಾಗೋ ಕತ್ತರಿಸೇನಿ. ಉಡಿಯಾಗ ಕಾಯಿ ತುಂಬ್ಕೊಂಡು ಕಟ್ಟಾಕ ಹೋದ್ರ ಅಡ್ಡ ಬರ್ತಿತ್ತು. ಈಗ ಕಾಣ್ತೇನು ನಿಮಗ?"

ಅವ್ವ ಬುಟ್ಟಿ ಕೆಳಗಿಟ್ಟಳು. "ಅಲ್ರೀ, ಇಷ್ಟು ವರ್ಷ ಆತು ನಿಮ್ಮ ಅಂಗಿ ಹೊರಗ ಬಿಟ್ಕೊಂಡ ತಿರುಗಾಡ್ತೇನಿ. ಪ್ಯಾಟಿ ದಾಟಿ ಹೊಲಕ್ಕ ಹೋಗ್ತೇನಿ, ಅದ ಅಂಗಿ ಮ್ಯಾಲ ಸೊಸೈಟಿಗೆ ಹೋಗಿ ಗೊಬ್ಬರಾ ತರ್ತೇನಿ. ನನಗ ಯಾರರ ಹೊರಗ ಕುಂಡ್ರು ಅಂದಾರೇನು?"

"ನಿನಗ ಅನ್ನೂ ಧೈರ್ಯ ಯಾರಿಗೈತಿ?"

"ಹಂಗಾರ ನಿಮ್ಮ ತಂಗಿ ಅಂತಾಳೇನು?"

ಅಪ್ಪ, "ತಾ ಇಲ್ಲಿ, ನೋಡೂಣು" ಎಂದು ಕೈ ಚಾಚಿದ. ಅವ್ವ ಅಂಗಿ ಬಿಚ್ಚಿ ಕೊಟ್ಟಳು. ತುದಿಯ ಹೊಲಿಗೆಯನ್ನು ಹತ್ತಿರದಿಂದ ನೋಡಬೇಕೆಂದು ಮುಖಕ್ಕೆ ಹಿಡಿದನೋ ಇಲ್ಲವೋ, ಒಂದರ ಮೇಲೊಂದು ಸೀನು. ಎಷ್ಟು ಒಗೆದರೂ ಮೆಣಸಿನಕಾಯಿಯ ಖಾರ ಆ ಬಟ್ಟೆ ಬಿಟ್ಟಿರಲಿಲ್ಲ. ಅವನು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡ. ನಮಗೆ ನಗು ತಡೆಯಲಾಗಲಿಲ್ಲ. "ನಗಸಬ್ಯಾಡ್ರಿ, ಹೊಲಗಿ ಬಿಚ್ತಾವು" ಎನ್ನುತ್ತ ಅವನೂ ನಕ್ಕ. ಆಪರೇಶನ್ ಆದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಅವ್ವ ಅಂದು ಹೊಲಕ್ಕೆ ತಡವಾಗಿ ಹೋದಳು. ಅಪ್ಪನ ಕೆನೆಬಣ್ಣದ ಅಂಗಿಯನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ತನ್ನ ಹೊಲದ ಅಂಗಿಯನ್ನು ಇಟ್ಟು, ಸಾಬೂನಿನ ಚೂರಿನಿಂದ ಗೆರೆ ಎಳೆದು ಕತ್ತರಿಸಿದಳು. ಸಂಜೆ ಕೈಯಲ್ಲೇ ಅಂಚು ಹೊಲಿದಳು. ಕಾಲರ್ ಇದ್ದಲ್ಲೇ ಇತ್ತು, ಗುಂಡಿಗಳು ಇದ್ದಲ್ಲೇ ಇದ್ದವು.

ಭಾನುವಾರ ತೋಳು ಮಡಚಿಕೊಟ್ಟವಳು ನಾನು. ಅಪ್ಪ ಒಮ್ಮೆ ಬಿಚ್ಚಿದ, ಮತ್ತೆ ತಾನೇ ಮಡಚಿಕೊಂಡ. ಕೊರಳಿನ ಗುಂಡಿ ಬಿಡಲು ಮಾತ್ರ ಒಪ್ಪಲಿಲ್ಲ. ಗೇಟಿನ ಬಳಿ ಕೈ ಸೊಂಟಕ್ಕೆ ಹೋಯಿತು, ಅಂಗಿಯನ್ನು ಒಳಗೆ ಸೇರಿಸಲು. ಅಲ್ಲಿ ಬೆಲ್ಟು ಇರಲಿಲ್ಲ. ಕೈ ಹಿಂದಕ್ಕೆ ಬಂತು. ಬಸ್ಸಿನಲ್ಲಿ ಡಂಬಳ ದಾಟುವವರೆಗೂ ಅದು ಹೋಗಿ ಬರುತ್ತಲೇ ಇತ್ತು, ಗದಗಿನಲ್ಲಿ ಕೋಟುಮಚಗಿಯ ಬಸ್ಸು ಹತ್ತುವ ಹೊತ್ತಿಗೆ ಕಡಿಮೆಯಾಗಿತ್ತು. ಎಷ್ಟು ಸಲ ಎಂದು ನಾನು ಎಣಿಸಲಿಲ್ಲ. ಎಣಿಸಬಾರದು ಅನ್ನಿಸಿತು.

ಹೊಸ ಮನೆಯ ಮುಂದೆ ಜನ ತುಂಬಿದ್ದರು. ಅಯ್ಯನವರು ಒಳಗಿನಿಂದ ಎರಡು ಸಲ ಕೂಗಿದ್ದರಂತೆ. ಅತ್ತೆ ಹಾಲಿನ ಪಾತ್ರೆ ಹಿಡಿದು ಹೊಸ್ತಿಲ ಒಳಗೆ ನಿಂತಿದ್ದಳು. ಅಪ್ಪ ಜನರನ್ನು ಕಂಡು ಹೆಜ್ಜೆ ನಿಧಾನ ಮಾಡಿದ. ಅತ್ತೆ ಅವನನ್ನು ನೋಡಿದಳು, ಅಂಗಿ ನೋಡಿದಳು.

"ಯಣ್ಣಾ, ಹೊಟ್ಟಿ ಎಲ್ಲಿ ಬಿಟ್ಟು ಬಂದಿ?"

ಎಲ್ಲರೂ ನಕ್ಕರು. ಬೆಲ್ಟಿನ ಮೇಲೆ ಅಷ್ಟು ವರ್ಷ ಕಾಣುತ್ತಿದ್ದ ಹೊಟ್ಟೆ ಅಂಗಿಯೊಳಗೆ ಅಡಗಿತ್ತು. "ಗದಗಿನ ಡಾಕ್ಟರ್ ಇಟ್ಕೊಂಡಾರ" ಎಂದ ಅಪ್ಪ, ಹೊಸ್ತಿಲು ದಾಟಿದ. ಒಳಗಿನಿಂದ ಯಾರೋ, "ಬರ್ರಿ ಮಾವಾರ, ಮ್ಯಾಲ ಕುಂಡ್ರಿ" ಎಂದು ಅವನನ್ನು ಕೈಹಿಡಿದು ಕುರ್ಚಿಗೆ ಕರೆದೊಯ್ದರು. ಅತ್ತೆ ಸೀರೆಯನ್ನು ಕಣ್ಣಿಗೊತ್ತಿಕೊಂಡಳು, ಒಲೆ ಹಚ್ಚಿದಳು. ಹಾಲು ಪೂರ್ವದ ಕಡೆಗೆ ಉಕ್ಕಿತು.

ಮರಳಿ ಬರುವಾಗ ಬಸ್ಸಿನ ಕಿಟಕಿಯಿಂದ ಡಂಬಳದ ಕೆರೆ ನೋಡುತ್ತ ಅಪ್ಪ ಕೇಳಿದ: "ಆ ನೀಲಿದು ಎಲ್ಲಿಟ್ಟಿ?"

ಇಷ್ಟು ಬರೆಯುವಾಗಲೇ ಗೇಟಿನ ಸದ್ದಾಯಿತು. ಅಪ್ಪ ಬಂದ. ಏನು ತೊಟ್ಟು ಹೋಗಿದ್ದ ಎಂದು ಹೋಗುವಾಗ ನಾನು ನೋಡಿರಲಿಲ್ಲ. ಮೈಮೇಲೆ ಆಕಾಶನೀಲಿ ಜುಬ್ಬಾ, ಎಡಗೈಯಲ್ಲಿ ಹಾಲು, ಬಲಗೈ ಬಗಲ ಕಿಸೆಯಲ್ಲಿ. ಚಹಾದಂಗಡಿಯಲ್ಲಿ ಕೂತು ಬಂದನಂತೆ. ಗೆಳೆಯರು "ಏನ್ ಸಾಹುಕಾರ್ರ" ಎಂದು ಕಾಡಿದರಂತೆ. ಆದರೂ ಒಂದಕ್ಕೆ ಎರಡು ಕಪ್ ಚಹಾ ಕುಡಿದಿದ್ದ.

ಪ್ರವೇಶದ ದಿನ ಅತ್ತೆ ಉಡುಗೊರೆಯಾಗಿ ಕೊಟ್ಟ ಅಂಗಿಯ ಬಟ್ಟೆಯಲ್ಲಿ ಇನ್ನೊಂದು ಜುಬ್ಬಾ ಹೊಲಿಸಬೇಕಂತೆ, ಅಜ್ಜನದು ಇದ್ದ ಹಾಗೆಯೇ. ಅಲ್ಲೇ ತೊಡಕು. ಬಗಲ ಕಿಸೆ ಬಲಕ್ಕೆ ಒಂದೇ ಇತ್ತು ಎಂದು ಅಪ್ಪ, ಎರಡೂ ಕಡೆ ಇದ್ದವು, ಎಡಗಡೆಯದರಲ್ಲಿ ತನಗೆ ಬೆಲ್ಲ ಇರುತ್ತಿತ್ತು ಎಂದು ಅತ್ತೆ. ನಮ್ಮಲ್ಲಿರುವ ಅಜ್ಜನ ಒಂದೇ ಫೋಟೊ ಎದೆಯವರೆಗೆ ಮಾತ್ರ ಇದೆ. ಡಂಬಳ, ಮುಂಡರಗಿಯ ಕಡೆ ಹಿಂದಿನ ದರ್ಜಿಗಳು ಜುಬ್ಬಾಕ್ಕೆ ಕಿಸೆ ಹೇಗೆ ಇಡುತ್ತಿದ್ದರು ಎಂದು ಬಲ್ಲವರು, ಅಥವಾ ಅಂಥದೊಂದು ಹಳೆಯ ಜುಬ್ಬಾ ಪೆಟ್ಟಿಗೆಯಲ್ಲಿ ಇರುವವರು, ಇದನ್ನು ಅಚ್ಚು ಹಾಕಿದವರ ಮೂಲಕ ನನಗೊಂದು ಸಾಲು ಬರೆಯಿರಿ. ಬಟ್ಟೆಗೆ ಕತ್ತರಿ ಹಾಕುವುದನ್ನು ಅಲ್ಲಿಯವರೆಗೆ ತಡೆದಿದ್ದೇನೆ.