ರೋಮ್‌ನಲ್ಲಿ ಒಂದು ಅಡುಗೆಮನೆ

ಇವತ್ತು ಬೆಳಿಗ್ಗೆ ಆಫೀಸಿಗೆ ಹೊರಟವಳು ಕಾರಿನೊಳಗೆ ಕೂತು, ಏಸಿ ತಣ್ಣಗಾಗಲೆಂದು ಕಾಯುತ್ತಿದ್ದೆ. ಫೋನು ಟಣ್ ಎಂದಿತು. ಕೋಣೆ ಕಾದಿರಿಸುವ ಆ್ಯಪ್‌ನಿಂದ ಸಂದೇಶ: ನಿಮಗಿನ್ನೂ ರೋಮ್ ಬೇಕೇ, ದರ ಇಳಿದಿದೆ. ನೋಡಿ, ಈ ಯಂತ್ರಗಳಿಗೆ ಮರೆವು ಅನ್ನುವುದೇ ಇಲ್ಲ. ನಮ್ಮ ಕೆಲಸ ಮುಗಿದು ಎಷ್ಟು ಕಾಲವಾಯಿತು ಎಂದು ಅವಕ್ಕೆ ಹೇಳುವವರು ಯಾರು? ಆ ಸಂದೇಶವನ್ನು ಅಳಿಸಲೂ ಆಗದೆ ತೆರೆಯಲೂ ಆಗದೆ ಮಸ್ಕತ್‌ನ ಅಜೈಬಾದ ಬಿಸಿಲಿನಲ್ಲಿ ಕಾರು ಹೊರಡಿಸಿದೆ.

ವಸತಿಯ ವಿಷಯದಲ್ಲಿ ನಾನು ಸ್ವಲ್ಪ ಅತಿಯೇ. "ಸ್ವರ್ಗದಲ್ಲಿ ನಿಂಗೆ ಕೋಣೆ ಕೊಟ್ರೂ ಮೊದ್ಲು ಬಾತ್‌ರೂಮಿನ ಫೋಟೊ ಕಳಿಸಿ ಅಂತೀಯ ನೀನು" ಎಂದು ನನ್ನ ಗಂಡ ವಾಲ್ಟರ್ ಗೇಲಿ ಮಾಡುತ್ತಾನೆ. ಹಿಂದೊಮ್ಮೆ ಅವನ ಕೆಲಸದ ಮೇಲೆ ಒಮಾನಿನ ಒಳನಾಡಿನ ಇಬ್ರಿ ಎಂಬ ಊರಿಗೆ ಜೊತೆಯಾಗಿ ಹೋಗಿದ್ದಾಗ, ಉಳಿದುಕೊಂಡ ಕಡೆ ದಿಂಬಿನ ಮೇಲೆ ಯಾರದೋ ಉದ್ದನೆಯ ಕೂದಲು ಸಿಕ್ಕಿತ್ತು. ಅವನು ದಿಂಬನ್ನು ಮಗುಚಿ ಹಾಕಿ ಗೊರಕೆ ಹೊಡೆದ. ನಾನು ಕುರ್ಚಿಯಲ್ಲೇ ಬೆಳಗು ಮಾಡಿದೆ. ಅಂದಿನಿಂದ ಎಲ್ಲಿಗೆ ಹೋಗುವುದಾದರೂ ಕೋಣೆ ಹುಡುಕುವುದು ನನ್ನ ಪಾಲಿನ ಕೆಲಸ. ಜನ ಹೊಗಳಿ ಬರೆದದ್ದನ್ನು ನಾನು ಓದುವುದೇ ಇಲ್ಲ, ಬೈದು ಬರೆದದ್ದನ್ನು ಮಾತ್ರ ಓದುತ್ತೇನೆ. ಸಿಟ್ಟಿನಲ್ಲಿರುವವರು ಜಿರಳೆಯನ್ನು ಮುಚ್ಚಿಡುವುದಿಲ್ಲ ಎಂಬುದು ನನ್ನ ಅನುಭವ.

ರೋಮ್ ಪ್ರಯಾಣ ಶುರುವಾದದ್ದು ಮಮ್ಮಿಯಿಂದ. ಅಪ್ಪ ತೀರಿಕೊಂಡ ಮೇಲೆ ಮಮ್ಮಿ ಉಡುಪಿ ಕಡೆಯ ಮನೆಗೆ ಬೀಗ ಹಾಕಿ ಮಸ್ಕತ್‌ಗೆ ಬಂದು ನಮ್ಮೊಂದಿಗೇ ಇದ್ದರು. ಅವರಿಗಿದ್ದವಳು ಒಬ್ಬಳೇ ತಂಗಿ, ಸಿಸ್ಟರ್ ಬೆನ್ನಿ. ಹದಿಹರೆಯದಲ್ಲೇ ಕಾನ್ವೆಂಟ್ ಸೇರಿ, ರೋಮ್‌ಗೆ ಹೋಗಿ, ಅಲ್ಲಿಯ ವೃದ್ಧರ ಆರೈಕೆಯಲ್ಲಿ ತಾನೂ ವೃದ್ಧೆಯಾದವಳು. ನಾವು ಅವಳನ್ನು ಸಿಸ್ಟರ್ ಮಾವ್ಶಿ ಎನ್ನುತ್ತಿದ್ದೆವು. ಮಾವ್ಶಿ ಎಂದರೆ ನಮ್ಮ ಕೊಂಕಣಿಯಲ್ಲಿ ಚಿಕ್ಕಮ್ಮ. ಅವಳ ಹೃದಯ ಸೋತಿತ್ತು. ವಿಮಾನ ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಬೇಸಿಗೆ ಮುಗಿಯುವುದರೊಳಗೆ ಅವಳನ್ನು ದೂರದ ಬೆಟ್ಟದ ಊರಿನಲ್ಲಿರುವ ಮುದಿ ಸಿಸ್ಟರುಗಳ ಆಶ್ರಮಕ್ಕೆ ಸಾಗಿಸುವ ಏರ್ಪಾಡು ನಡೆದಿತ್ತು. ಮಂಡಿನೋವಿನ ಮಮ್ಮಿಗೆ ಆ ಬೆಟ್ಟ ಆಗದ ಮಾತು. ನೋಡುವುದಾದರೆ ಈಗ, ರೋಮ್‌ನಲ್ಲೇ ನೋಡಬೇಕು.

"ನಂಗೆ ಊರು ನೋಡ್ಲಿಕ್ಕಿಲ್ಲ. ಅವಳಿರುವಲ್ಲಿಗೆ ನಡ್ಕೊಂಡು ಹೋಗುವ ಹಾಗೆ ಒಂದು ಕೋಣೆ ಮಾಡು, ಸಾಕು" ಎಂದರು ಮಮ್ಮಿ. ಒಂದು ಗಳಿಗೆ ಬಿಟ್ಟು, "ಪಾಯಿಖಾನೆಯಲ್ಲಿ ನೀರುಂಟಾ ಅಂತ ಕೇಳು" ಎಂದು ಸೇರಿಸಿದರು. ಇಟಲಿಯವರು ಆ ವಿಷಯದಲ್ಲಿ ನಮ್ಮ ಕಡೆಯವರೇ ಎಂದು ತಿಳಿದಾಗ ನನಗಾದ ಸಮಾಧಾನವನ್ನು ಇಲ್ಲಿ ವಿವರಿಸಲಾರೆ.

ಈಗ ನಮ್ಮವರ ಒಂದು ಗುಟ್ಟು ಹೇಳುತ್ತೇನೆ. ಬೇರೆಯವರು ರೋಮ್‌ನಲ್ಲಿ ಹೋಟೆಲು ಹುಡುಕುತ್ತಾರೆ. ಮಂಗಳೂರು, ಉಡುಪಿಯ ಕ್ರಿಶ್ಚಿಯನ್ನರು ಸಿಸ್ಟರುಗಳನ್ನು ಹುಡುಕುತ್ತಾರೆ. ಅಲ್ಲಿಯ ಎಷ್ಟೋ ಕಾನ್ವೆಂಟುಗಳಿಗೆ ಅಂಟಿಕೊಂಡಂತೆ ಅತಿಥಿಗೃಹವಿರುತ್ತದೆ. ಊರಿನ ನಡುಮಧ್ಯದಲ್ಲೇ ಇರುತ್ತದೆ, ದುಬಾರಿಯಲ್ಲ, ನೆಲದ ಮೇಲೆ ಅನ್ನ ಹಾಕಿಕೊಂಡು ಉಣ್ಣಬಹುದು, ಅಷ್ಟು ಚೊಕ್ಕಟ. ಸಂಜೆ ಬೇಗ ಬಾಗಿಲು ಹಾಕುತ್ತಾರೆ ಅನ್ನುವುದೊಂದೇ ಕೊರತೆ, ಮಮ್ಮಿಗೆ ಅದೂ ಕೊರತೆಯಲ್ಲ. ಮಾವ್ಶಿಯ ಕಾನ್ವೆಂಟಿನಲ್ಲೇ ಅಂಥ ಅತಿಥಿಗೃಹವಿತ್ತು, ಅವಳ ಕೋಣೆಯಿಂದ ಅಂಗಳ ದಾಟಿದರೆ ಆಯಿತು. ನಾನು ಬರೆದೆ, ಕೋಣೆ ಇದೆಯೆಂದು ಉತ್ತರವೂ ಬಂತು. ಇಷ್ಟು ಅಗ್ಗ, ಇಷ್ಟು ಶುಚಿ, ಇಷ್ಟು ಹತ್ತಿರ ಮೂರೂ ಒಟ್ಟಿಗೆ ನನ್ನ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಇಬ್ರಿಯ ದಿಂಬಿಗೆ ಸೇಡು ತೀರಿಸಿಕೊಂಡವಳ ಹಾಗೆ ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ವೀಸಾ ಕೇಂದ್ರದಲ್ಲಿ ಮುಂದಿನ ವಾರಕ್ಕೆ ಸಮಯವೂ ಗೊತ್ತಾಯಿತು.

ಆಗ ಮಾವ್ಶಿಯ ಫೋನು ಬಂತು. ಮಮ್ಮಿಗೂ ಕೇಳಲೆಂದು ಸ್ಪೀಕರ್ ಹಾಕಿದ್ದೆ.

"ನೀನು ಇಲ್ಲಿಯ ಗೆಸ್ಟ್‌ಹೌಸ್ ಬುಕ್ ಮಾಡಿದ್ದೀಯಂತಲ್ಲ ಮಗಾ. ಅದು ಬೇಡ. ಕ್ಯಾನ್ಸಲ್ ಮಾಡು. ಬೇರೆ ಕಡೆ ನೋಡು."

"ಯಾಕೆ ಮಾವ್ಶಿ? ಎಂತಾಯ್ತು?"

"ಬೇಡ ಅಂದ್ರೆ ಬೇಡ. ಆಮೇಲೆ ಹೇಳ್ತೇನೆ." ಹಿಂದೆ ಯಾರೋ ಬಂದ ಸದ್ದಾಯಿತು. ಫೋನು ಕಡಿಯಿತು.

ಮಮ್ಮಿ ಮೀನು ಶುಚಿ ಮಾಡುತ್ತಿದ್ದರು. ಕೈ ನಿಂತಿತು, ಮತ್ತೆ ನಡೆಯಿತು. "ನಾನು ಬರೋದು ಅವಳಿಗೆ ಬೇಡ" ಎಂದರು, ಅಷ್ಟೇ. ನಾನು ತಿರುಗಿ ಫೋನು ಮಾಡಿದೆ, ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಕಾನ್ವೆಂಟಿನಲ್ಲಿ ಯಾರೋ ಒಬ್ಬರು ಎತ್ತಿ, ಸಿಸ್ಟರ್ ವಿಶ್ರಾಂತಿಯಲ್ಲಿದ್ದಾರೆ ಎಂದು ಇಟ್ಟುಬಿಟ್ಟರು. ವೀಸಾದವರಿಗೆ ಉಳಿಯುವ ಜಾಗದ ದೃಢೀಕರಣ ಕೊಡಲೇಬೇಕು. ಆ ಸಮಯ ತಪ್ಪಿದರೆ ಮುಂದಿನದು ಯಾವಾಗ ಸಿಗುತ್ತದೋ, ಅಷ್ಟರಲ್ಲಿ ಮಾವ್ಶಿ ಬೆಟ್ಟ ಹತ್ತಿರುತ್ತಾಳೆ.

ಆ ದಿನಗಳಲ್ಲಿ ನಮ್ಮ ಮನೆಯೊಳಗೆ ಮಾತಾಡುವುದೇ ಅಪಾಯವಾಗಿತ್ತು. ಮಮ್ಮಿ ಊಟಕ್ಕೆ ಕೂತು ಅನ್ನ ಕಲಸಿ ಎದ್ದುಬಿಡುತ್ತಿದ್ದರು. "ಖಲಾಸ್, ಕಾನ್ವೆಂಟ್ ಬುಕಿಂಗೇ ಇರ್ಲಿ. ಹೋದ ಮೇಲೆ ಹೊರಗೆ ಹಾಕ್ತಾರಾ?" ಎಂದ ವಾಲ್ಟರ್. ಅವನದು ದಿಂಬು ಮಗುಚಿ ಹಾಕುವ ಜಾಯಮಾನ ತಾನೇ. ಮಮ್ಮಿ ಒಪ್ಪಲಿಲ್ಲ. "ಬೇಡ ಅಂದವಳ ಬಾಗಿಲಿಗೆ ಹೋಗಿ ನಿಲ್ಲುವಷ್ಟು ಕೆಟ್ಟಿಲ್ಲ ನಾನು. ಟಿಕೆಟೂ ಬೇಡ, ಏನೂ ಬೇಡ" ಎಂದು ಪೆಟ್ಟಿಗೆಯಿಂದ ಸ್ವೆಟರು ತೆಗೆದು ಕಪಾಟಿಗೆ ವಾಪಸ್ ಇಟ್ಟರು. ನನಗೆ ಮಾವ್ಶಿಯ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಒಬ್ಬ ಸಿಸ್ಟರಿನ ಬಗ್ಗೆ ಅಂಥದ್ದು ಯೋಚಿಸಿದ್ದಕ್ಕೆ ಪಾದ್ರಿಗಳ ಬಳಿ ಹೋಗಿ ಪಾಪನಿವೇದನೆ ಮಾಡಬೇಕಾದೀತು.

ವೀಸಾ ಕೇಂದ್ರಕ್ಕೆ ಹೋಗಲು ಇನ್ನೆರಡೇ ದಿನವಿದ್ದಾಗ ಮಧ್ಯಾಹ್ನ ಆಫೀಸಿನಲ್ಲಿದ್ದೆ. ಮಾವ್ಶಿಯ ಫೋನು.

"ಮದರ್ ಸುಪೀರಿಯರ್ ಇವತ್ತು ಪರ್ಮಿಶನ್ ಕೊಟ್ರು ಮಗಾ" ಎಂದಳು, ದಮ್ಮು ಕಟ್ಟುತ್ತಿತ್ತು. "ಕೊಡ್ತಾರೋ ಇಲ್ವೋ ಗೊತ್ತಿರ್ಲಿಲ್ಲ. ಸುಮ್ಮನೆ ಅಕ್ಕನಿಗೆ ಆಸೆ ತೋರ್ಸಿ ಆಮೇಲೆ ಇಲ್ಲ ಅನ್ಲಿಕ್ಕೆ ನಂಗೆ ಮನಸ್ಸಿರ್ಲಿಲ್ಲ."

"ಯಾವುದಕ್ಕೆ ಪರ್ಮಿಶನ್?"

"ರಜೆಗೆ! ನೀವು ಇಲ್ಲಿ ಇಳ್ಕೊಂಡ್ರೆ ನೀವು ನಮ್ಮ ಗೆಸ್ಟು. ಗಂಟೆ ಹೊಡಿತದೆ, ನಾನು ಎದ್ದು ಪ್ರಾರ್ಥನೆಗೆ ಹೋಗ್ಬೇಕು, ನೀವು ಕೆಫೆಟೇರಿಯಾದಲ್ಲಿ ಊಟ ಮಾಡ್ಬೇಕು. ನಂಗೆ ಅದು ಬೇಡ. ಹೊರಗೆ ಎಲ್ಲಾದ್ರೂ ಅಕ್ಕ ಒಂದು ಮನೆ ಮಾಡಿದ್ರೆ, ನಾನು ಅಲ್ಲಿಗೆ ರಜೆಗೆ ಬರ್ತೇನೆ."

ರಜೆಗೆ ಬರುವುದು ಎಂದರೇನೆಂದು ನಮ್ಮವರಿಗೆ ಹೇಳಬೇಕಾಗಿಲ್ಲ, ನಿಮಗೆ ಹೇಳುತ್ತೇನೆ. ಹೊರದೇಶದ ಸಿಸ್ಟರುಗಳಿಗೆ ಕೆಲವು ವರ್ಷಕ್ಕೊಮ್ಮೆ ಊರಿಗೆ ಹೋಗಿ ತಮ್ಮ ಮನೆಯವರ ಜೊತೆ ಇರಲು ಅನುಮತಿ ಸಿಗುತ್ತದೆ. ಬಂದವರು ಶಿರವಸ್ತ್ರ ತೆಗೆದಿಟ್ಟು ಅಡುಗೆಮನೆಯಲ್ಲಿ ಕೂತರೆ ಮನೆಯ ಮಗಳೇ. ಮಾವ್ಶಿಗೆ ರಜೆಗೆ ಬರಲು ಇದ್ದದ್ದು ಅಕ್ಕನ ಮನೆಯೊಂದೇ. ಅಕ್ಕ ಮಸ್ಕತ್‌ಗೆ ಬಂದ ಮೇಲೆ ಅವಳು ರಜೆಯನ್ನೇ ಕೇಳಿರಲಿಲ್ಲ. ನಮಗೆ ಅದು ಹೊಳೆದೇ ಇರಲಿಲ್ಲ. ಫೋನು ಇಟ್ಟು ಆಫೀಸಿನ ಬಾತ್‌ರೂಮಿಗೆ ಹೋಗಿ ಅತ್ತೆ.

ಆಮೇಲೆ ನಡೆದ ಹುಡುಕಾಟವಿದೆಯಲ್ಲ, ಅದರ ಮುಂದೆ ಹಿಂದಿನದೆಲ್ಲ ಮಕ್ಕಳಾಟ. ಈಗ ನನಗೆ ಕೋಣೆ ಸಾಲದು, ಅಡುಗೆಮನೆ ಬೇಕು. ಮೆಟ್ಟಿಲಿರಬಾರದು, ಲಿಫ್ಟಿರಬೇಕು. ಕಾನ್ವೆಂಟಿನಿಂದ ಏರು ದಾರಿಯಿರಬಾರದು. ಅಗ್ಗವಾಗಿರುವುದು ಸ್ಟೇಷನ್ನಿನ ಆಚೆ, ಹತ್ತಿರವಿರುವುದು ನಮ್ಮ ಕೈಗೆಟುಕುವುದಿಲ್ಲ, ಎರಡೂ ಸರಿಯಿದ್ದಲ್ಲಿ ಬಾತ್‌ರೂಮಿನ ಫೋಟೊವೇ ಇಲ್ಲ. ಒಂದು ಕಡೆ ಎಲ್ಲ ಹೊಂದಿತು. ಹಣ ಕಟ್ಟುವಷ್ಟರಲ್ಲಿ ಬೇರೆ ಯಾರೋ ಹಿಡಿದಿದ್ದರು. ಕೊನೆಗೆ ಕಾನ್ವೆಂಟಿನ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿಯ ಪುಟ್ಟ ಫ್ಲ್ಯಾಟು ಕಾಣಿಸಿತು. ಅದನ್ನು ಬೈದು ಬರೆದವರು ಒಬ್ಬರೇ: ಮನೆಯಲ್ಲಿ ಅಡುಗೆಯ ವಾಸನೆ ಹೋಗುವುದೇ ಇಲ್ಲವಂತೆ. ನಾನು ಕಣ್ಣು ಮುಚ್ಚಿ ಬುಕ್ ಮಾಡಿದೆ. ವೀಸಾ ಸಿಕ್ಕಿತು.

ನಾನು ಮತ್ತು ಮಮ್ಮಿ ಹೋದೆವು. ಲಿಫ್ಟು ಬಟ್ಟೆಯ ಕಪಾಟಿನಷ್ಟಿತ್ತು, ಆದರೆ ಏರುತ್ತಿತ್ತು. ಬಾತ್‌ರೂಮು ಫೋಟೊದಲ್ಲಿದ್ದಂತೆಯೇ ಇತ್ತು. ಮಾವ್ಶಿ ಬರಬೇಕಾದ ದಿನ ಮಮ್ಮಿ ಬೆಳಿಗ್ಗೆಯೇ ಕೆಳಗಿನ ಅಂಗಡಿಯಿಂದ ಹಂದಿಮಾಂಸ ತಂದು, ಮಸ್ಕತ್‌ನಿಂದ ಕಟ್ಟಿಕೊಂಡು ಹೋಗಿದ್ದ ಬಾಫಾತ್ ಮಸಾಲೆ ಪುಡಿ ಹಾಕಿ ಒಲೆಯ ಮೇಲಿಟ್ಟರು. ಊಟದ ಹೊತ್ತಾಯಿತು, ಅವಳ ಸುಳಿವಿಲ್ಲ. ಹೊತ್ತು ಮೀರಿತು. ಫೋನು ಯಾರೂ ಎತ್ತುತ್ತಿಲ್ಲ. ಮಮ್ಮಿ ಕಿಟಕಿಗೂ ಒಲೆಗೂ ನಡುವೆ ಮಂಡಿ ಎಳೆದುಕೊಂಡು ಓಡಾಡುತ್ತಿದ್ದರು. "ಅವಳಿಗೇನೋ ಆಗಿದೆ" ಎಂದು ಒಮ್ಮೆ, "ಮದರ್ ಬಿಡ್ಲಿಲ್ಲ" ಎಂದು ಇನ್ನೊಮ್ಮೆ. ನಾನು ಕೊಡೆ ತೆಗೆದುಕೊಂಡು ಕಾನ್ವೆಂಟಿಗೇ ಹೊರಡಲು ಚಪ್ಪಲಿ ಹಾಕುತ್ತಿದ್ದಾಗ ಬೆಲ್ ಆಯಿತು.

ಬಾಗಿಲಲ್ಲಿ ಮಾವ್ಶಿ. ಪಕ್ಕದಲ್ಲಿ ಅವಳ ತೋಳು ಹಿಡಿದ ಕೇರಳದ ಸಿಸ್ಟರ್ ಒಬ್ಬರು. ಗಾಲಿಕುರ್ಚಿ ಆ ಲಿಫ್ಟಿನೊಳಗೆ ಹಿಡಿಸದೆ, ಅದನ್ನು ಕೆಳಗೇ ಬಿಟ್ಟು, ಉಸಿರು ಸುಧಾರಿಸಿಕೊಳ್ಳುತ್ತ ಕೂತಿದ್ದರಂತೆ. ಮಾವ್ಶಿ ಯಾರನ್ನೂ ತಬ್ಬಿಕೊಳ್ಳಲಿಲ್ಲ. ಶೂ ಕಳಚಿ, ಗೋಡೆ ಹಿಡಿದು ನೇರ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ಎತ್ತಿದಳು.

"ಹುಳಿ ಸ್ವಲ್ಪ ಕಡ್ಮೆ ಹಾಕಿದ್ದೀಯಾ ಎಂತ, ಅಕ್ಕ?"

"ನಿಮ್ಮ ಕಾನ್ವೆಂಟಿನ ಸಪ್ಪೆ ತಿಂದು ನಿನ್ನ ನಾಲಗೆ ಸತ್ತಿದೆ" ಎಂದು ಮಮ್ಮಿ ಗದರಿದರು. ಗದರುತ್ತ ಗದರುತ್ತಲೇ ಪಾತ್ರೆಗೆ ಇನ್ನಷ್ಟು ಹುಳಿ ಹಾಕಿದರು.

ಮೂರು ದಿನ ಅವಳು ನಮ್ಮೊಂದಿಗಿದ್ದಳು. ಇಷ್ಟೆಲ್ಲ ನೋಡಿ ಬುಕ್ ಮಾಡಿದ ಎರಡು ಮಂಚಗಳಲ್ಲಿ ಒಂದು ನನ್ನ ಪಾಲಿಗೇ ಬಿತ್ತು. ಅಕ್ಕತಂಗಿಯರಿಗೆ ಒಂದೇ ಸಾಕಾಯಿತು. ಕೊಲೊಸಿಯಂ ನೋಡದೆ ಬಂದಿರಾ ಎಂದು ಈಗಲೂ ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಮಾವ್ಶಿ ಬೆಟ್ಟದ ಆಶ್ರಮಕ್ಕೆ ಹೋಗಿ ಮುಂದಿನ ಚಳಿಗಾಲ ದಾಟಲಿಲ್ಲ. ಕಳೆದ ಶುಕ್ರವಾರ ಇಲ್ಲೇ ಮಸ್ಕತ್‌ನ ಘಾಲಾದ ಇಗರ್ಜಿಯಲ್ಲಿ ಅವಳ ಆತ್ಮಕ್ಕಾಗಿ ಪೂಜೆ ಹೇಳಿಸಿದೆವು. ಮುಗಿದ ಮೇಲೆ ಅಂಗಳದಲ್ಲಿ ನಮ್ಮೂರ ಕಡೆಯ ಹೆಂಗಸೊಬ್ಬರು ಮಮ್ಮಿಯ ಕೈ ಹಿಡಿದು ಕೇಳಿದರು: "ನೀವು ರೋಮ್‌ಗೆ ಹೋಗಿದ್ರಲ್ಲ ಬಾಯಮ್ಮ, ಅವ್ರನ್ನು ಕಾನ್ವೆಂಟಿನಲ್ಲೇ ನೋಡಿದ್ದಾ? ನೀವು ಹೋಟೆಲಲ್ಲಿ ಇಳ್ಕೊಂಡಿದ್ರಾ?"

ಬಾಡಿಗೆ ಫ್ಲ್ಯಾಟು ಎಂದು ತಿದ್ದಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಮ್ಮಿ ಹೇಳಿದರು:

"ಹೋಟೆಲ್ ಯಾಕೆ? ನಾವು ಮನೆಯಲ್ಲೇ ಇದ್ವು. ಅವಳು ರಜೆಗೆ ಬಂದಿದ್ಲು."